ಎರಡು ಕಾರ್ಡು, ಒಂದು ಜೇಬು

ಹಡಗಿನ ಬಾಗಿಲಲ್ಲಿದ್ದ ಯಂತ್ರ ಕುಂಯ್ ಕುಂಯ್ ಅಂದಿತು. ಒಂದು ಕುಂಯ್ ಟೀಸಿಯವರ ಕಾರ್ಡಿಗೆ, ಇನ್ನೊಂದು ಅವರ ಹೆಂಡತಿಯ ಕಾರ್ಡಿಗೆ. ಕಾವಲಿನವನು ಎರಡನ್ನೂ ವಾಪಸು ಕೊಡುವಾಗ ಹೆಂಡತಿ ಕೈ ಚಾಚಿದಳು. ಟೀಸಿಯವರು ಆ ಕೈಯನ್ನು ನೋಡಿದರು. ನೋಡಿಯೂ ಎರಡೂ ಕಾರ್ಡುಗಳನ್ನು ಜೋಡಿಸಿ ಅಂಗಿಯ ಜೇಬಿಗೆ ಇಳಿಸಿ, ಮೇಲೆ ಗುಂಡಿ ಹಾಕಿಕೊಂಡರು.

"ನನ್ನದು ನನ್ನ ಹತ್ರಾನೇ ಇರ್ಲಿ ಅಂತ ಬೆಳಿಗ್ಗೇನೇ ಹೇಳಿದ್ನಲ್ಲ," ಎಂದಳು ಹೆಂಡತಿ.

"ಕಳೆದ್ಹೋದ್ರೆ? ಇದಿಲ್ಲದೆ ಹಡಗಿನೊಳಗೆ ಕಾಲಿಡೋಕೆ ಬಿಡಲ್ಲ, ಗೊತ್ತಲ್ಲ?"

"ಇಷ್ಟು ವರ್ಷದಲ್ಲಿ ನಾನು ಏನು ಕಳ್ಕೊಂಡಿದ್ದೀನಿ ಹೇಳಿ."

"ಕಳ್ಕೊಂಡಿಲ್ಲ. ಯಾಕಂದ್ರೆ ಎಲ್ಲಾ ನನ್ನ ಹತ್ರ ಇತ್ತು," ಎಂದು ಟೀಸಿಯವರು ನಕ್ಕರು. ಒಳ್ಳೆಯ ಉತ್ತರ ಕೊಟ್ಟೆ ಎಂದು ಅವರಿಗೆ ಅನ್ನಿಸಿತು. ಹೆಂಡತಿ ನಗಲಿಲ್ಲ. ಚಾಚಿದ್ದ ಕೈಯಿಂದಲೇ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು.

ಟೀಸಿಯವರು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಕೆಲಸದಿಂದ ನಿವೃತ್ತರಾಗಿ ವರ್ಷಗಳೇ ಆಗಿದ್ದವು. ಆದರೂ ಬೀದಿಯವರಿಗೆ, ನೆಂಟರಿಗೆ, ಕೊನೆಗೆ ಬೀಗರಿಗೂ ಅವರು ಟೀಸಿಯವರೇ. ರೈಲಿನ ಕಕ್ಕಸಿನಲ್ಲಿ ಅಡಗಿ ಕೂರುವವರು, ನಿದ್ದೆ ಬಂದವರಂತೆ ನಟಿಸುವವರು, ಸತ್ತುಹೋದ ಅಜ್ಜನ ಪಾಸು ತೋರಿಸುವವರು, ಇಂಥವರನ್ನೇ ಕಂಡು ಕಂಡು ಅವರಿಗೆ ಮನುಷ್ಯರ ಬಗ್ಗೆ ಒಂದು ತೀರ್ಮಾನ ಬಂದುಬಿಟ್ಟಿತ್ತು. ಎದುರಿಗಿರುವವನ ಹತ್ತಿರ ಟಿಕೆಟ್ ಇಲ್ಲ ಎಂದೇ ಮೊದಲು ತಿಳಿಯಬೇಕು. ಇದ್ದರೆ ಅದು ನಿನ್ನೆಯದಿರಬೇಕು. ಎಲ್ಲಿಗೇ ಹೊರಟರೂ ಮನೆಮಂದಿಯ ಟಿಕೆಟ್ಟೆಲ್ಲ ಅವರ ಜೇಬಿನಲ್ಲೇ. ಮಗಳು ಮದುವೆಯಾಗಿ ಗಂಡನ ಜೊತೆ ರೈಲು ಹತ್ತಿದ ದಿನ ಕೂಡ, ಗಾಡಿ ಅಲುಗುವವರೆಗೂ ಟಿಕೆಟ್ ಅಪ್ಪನ ಜೇಬಿನಲ್ಲಿತ್ತು. ಆಮೇಲೆ ಕಿಟಕಿಯಿಂದ ತೂರಿಸಿದ್ದರು. ಈಗ ಅದೇ ಮಗಳು ಅಳಿಯ ಸೇರಿ ಈ ಹಡಗಿನ ಪ್ರವಾಸಕ್ಕೆ ಕಳಿಸಿದ್ದರು. ಅಳಿಯನಿಗೆ ಇದ್ದಕ್ಕಿದ್ದ ಹಾಗೆ ಇಷ್ಟು ಧಾರಾಳ ಬುದ್ಧಿ ಯಾಕೆ ಬಂತು ಎಂಬ ಗುಮಾನಿ ಟೀಸಿಯವರ ಜೊತೆಯಲ್ಲೇ ಹಡಗು ಹತ್ತಿತ್ತು.

ಬಂದರಿನಿಂದ ಹಳೇ ಪಟ್ಟಣದ ಹಾಳು ನೋಡಲು ಹಡಗಿನವರದೇ ಬಸ್ಸಿತ್ತು. ಟೀಸಿಯವರು ಅದನ್ನು ಮೂಸಿಯೂ ನೋಡಲಿಲ್ಲ. ಬಸ್ಸು ಹಡಗಿನವರದು, ದಾರಿಯಲ್ಲಿ ನಿಲ್ಲಿಸುವ ಅಂಗಡಿಯವರೂ ಅವರ ಪೈಕಿಯವರೇ ಇರುತ್ತಾರೆ, ಇದು ಚಿಕ್ಕ ಮಕ್ಕಳಿಗೂ ಗೊತ್ತಾಗುವ ವಿಷಯ. ಕೋಣೆ ಗುಡಿಸುವ ಹುಡುಗಿ ಮಾತ್ರ ಎಚ್ಚರಿಸಿದ್ದಳು. "ನಮ್ಮ ಬಸ್ಸು ತಡ ಆದ್ರೆ ಹಡಗು ಕಾಯುತ್ತೆ ಸಾರ್. ನೀವಾಗೇ ಹೋಗಿ ತಡ ಮಾಡ್ಕೊಂಡ್ರೆ ಕಾಯಲ್ಲ. ಐದು ಗಂಟೆಗೆ ಏಣಿ ಎತ್ತಿಬಿಡ್ತಾರೆ." ಹೆದರಿಸಿ ಬಸ್ಸು ಹತ್ತಿಸುವ ಉಪಾಯ ಎಂದು ಟೀಸಿಯವರು ಮನಸ್ಸಿನಲ್ಲೇ ಅಂದುಕೊಂಡರು. ಐದು ಗಂಟೆಯನ್ನು ಮಾತ್ರ ಮರೆಯಲಿಲ್ಲ.

ಬಂದರಿನ ಹೊರಗೆ ಸಾಲಾಗಿ ನಿಂತ ಕಾರುಗಳಲ್ಲಿ ಡ್ರೈವರ್ ಕೂಗಿ ಕರೆಯದ ಒಂದನ್ನು ಅವರು ಆರಿಸಿದರು. ಕರೆಯುವವನಿಗೆ ಏನೋ ಗರಜಿರುತ್ತದೆ. ಡ್ರೈವರ್ ನಡುವಯಸ್ಸಿನವನು, ತಲೆಗೆ ಬಣ್ಣಗೆಟ್ಟ ಬಟ್ಟೆಯ ಟೋಪಿ. ಟೀಸಿಯವರು ಕಾರಿನ ನಂಬರಿನ ಫೋಟೋ ತೆಗೆದುಕೊಂಡರು.

"ನನ್ನ ಮುಖಾನೂ ತೆಗೀರಿ ಸಾರ್, ನಂಬರಿಗಿಂತ ಚೆನ್ನಾಗಿದೆ," ಎಂದ ಅವನು.

ಹೆಂಡತಿ ನಕ್ಕುಬಿಟ್ಟಳು. ಹಡಗು ಹತ್ತಿದ ಮೇಲೆ ಅವಳು ಹೀಗೆ ನಕ್ಕಿದ್ದು ಇದೇ ಮೊದಲು. ಟೀಸಿಯವರಿಗೆ ಅದು ಹಿಡಿಸಲಿಲ್ಲ. ಊರು ದಾಟುವ ಮೊದಲೇ ಟೋಪಿಯವನು ಕಾರನ್ನು ಒಂದು ಗಲ್ಲಿಗೆ ತಿರುಗಿಸಿ, ಡಿಕ್ಕಿಯಿಂದ ಒಂದು ಮೂಟೆ ಇಳಿಸಿ, ಯಾವುದೋ ಮನೆಯ ಜಗಲಿಯ ಮೇಲಿಟ್ಟು ಬಂದ. "ನಮ್ಮಕ್ಕನ ಮನೆ. ದಾರೀಲೇ ಇತ್ತು, ಬೇಜಾರ್ ಮಾಡ್ಕೋಬೇಡಿ," ಎಂದ. ಅದು ದಾರಿಯಲ್ಲಿ ಇರಲಿಲ್ಲ. "ನೋಡು, ಶುರುವಾಯ್ತು," ಎಂದು ಟೀಸಿಯವರು ಹೆಂಡತಿಯ ಕಿವಿಯಲ್ಲಿ ಹೇಳಿದರು. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಹಾಳು ಪಟ್ಟಣ ಒಂದು ಗುಡ್ಡದ ಮೈಮೇಲೆ ಬಿದ್ದುಕೊಂಡಿತ್ತು. ಕೆಳಗೆ ದೊಡ್ಡ ಕಲ್ಲಿನ ಹೆಬ್ಬಾಗಿಲು, ಅದರ ಕಮಾನಿನ ಒಳಗೇ ಟಿಕೆಟ್ ಕೊಡುವ ಕಿಂಡಿ. ಒಳಗೆ ಮುರಿದ ಗೋಡೆಗಳ ಬೀದಿಗಳು, ಗುಡ್ಡದ ನೆತ್ತಿಯಲ್ಲಿ ಒಂದು ಚೌಕನೆಯ ಕಟ್ಟೆ.

"ಅದು ಕಾವಲು ಕಟ್ಟೆ ಅಮ್ಮ," ಎಂದು ಟೋಪಿಯವನು ಕೈ ತೋರಿಸಿದ. "ಈ ಬಾಗಿಲ ಕೆಳಗೆ ನಿಂತು ಮಾತಾಡಿದ್ರೆ ಅಲ್ಲಿ ಮೇಲೆ ಪಕ್ಕದಲ್ಲೇ ಹೇಳಿದ ಹಾಗೆ ಕೇಳಿಸುತ್ತೆ. ಬಂದವರು ಎಂಥವರು ಅಂತ ಮೇಲಿದ್ದವರಿಗೆ ಗೊತ್ತಾಗ್ಲಿ ಅಂತ ಆಗಿನ ಕಾಲದವರು ಹಾಗೆ ಕಟ್ಟಿದ್ದಾರೆ."

"ರೈಲು ಬಿಡಬೇಡಪ್ಪ," ಎಂದರು ಟೀಸಿಯವರು. "ರೈಲಲ್ಲೇ ತಲೆ ನೆರೆಸ್ಕೊಂಡವನು ನಾನು."

"ಮೇಲಕ್ಕೆ ಹೋಗಬಹುದಾ?" ಎಂದು ಹೆಂಡತಿ ಅವನನ್ನೇ ಕೇಳಿದಳು.

"ಹಿಂದಿನಿಂದ ಒಂದು ಕಾಲುದಾರಿ ಇದೆ. ಮೆಟ್ಟಿಲಿಲ್ಲ. ನಿಧಾನಕ್ಕೆ..."

"ಅವಳಿಗೆ ಮಂಡಿನೋವು, ಹತ್ತಲ್ಲ," ಎಂದು ಟೀಸಿಯವರು ಮಾತು ಮುಗಿಸಿದರು. ಅವಳು ಬೆಳಗಿನಿಂದ ಮಂಡಿಯ ಸುದ್ದಿಯನ್ನೇ ಎತ್ತಿರಲಿಲ್ಲ. ಅವರು ಅವಳನ್ನು ಬಾಗಿಲ ಹೊರಗಿನ ಮರದ ಕೆಳಗೆ ಕಲ್ಲು ಬೆಂಚಿನ ಮೇಲೆ ಕೂರಿಸಿ, ಕಪ್ಪು ಬ್ಯಾಗನ್ನು ಅವಳ ತೊಡೆಯ ಮೇಲಿಟ್ಟರು. ಅದರಲ್ಲಿ ಇಬ್ಬರ ಪಾಸ್‌ಪೋರ್ಟು, ಅವರ ಮಾತ್ರೆಗಳು, ಒಂದು ಸ್ವೆಟರು ಇದ್ದವು.

"ಪಟ್ಟಿ ಕೈಗೆ ಸುತ್ಕೋ. ಅವನು ಏನು ಕೊಟ್ರೂ ಕುಡೀಬೇಡ. ನಾನೊಂದು ಸುತ್ತು ನೋಡ್ಕೊಂಡು ಬಂದುಬಿಡ್ತೀನಿ."

"ನಾನು ನೋಡೋದು?"

"ಫೋಟೋ ತರ್ತೀನಲ್ಲ."

ಬಾಗಿಲು ದಾಟಿ ಸ್ವಲ್ಪ ದೂರ ಹೋಗಿ ಅವರು ತಿರುಗಿ ನೋಡಿದರು. ಟೋಪಿಯವನು ಬೆಂಚಿನ ಹತ್ತಿರ ಬಂದು ನಿಂತಿದ್ದ. ಕೈಯೆತ್ತಿ ಎತ್ತಲೋ ತೋರಿಸುತ್ತಿದ್ದ. ಹೆಂಡತಿ ತಲೆಯಾಡಿಸುತ್ತಿದ್ದಳು. ಟೀಸಿಯವರು ವಾಪಸು ಹೋಗೋಣವೇ ಎಂದುಕೊಳ್ಳುತ್ತಿರುವಾಗಲೇ ಪಕ್ಕದ ಫಲಕ ಕಣ್ಣಿಗೆ ಬಿತ್ತು. 'ಸುಂಕದ ಕಟ್ಟೆ' ಎಂದು ಬರೆದಿತ್ತು.

ಅಲ್ಲಿ ಒಂದು ಇಕ್ಕಟ್ಟಾದ ದಾರಿ. ಒಂದು ಗಾಡಿ ಹೋಗುವಷ್ಟೇ ಜಾಗ. ದಾರಿಯ ಬದಿಯಲ್ಲಿ ಒಂದು ಕಲ್ಲಿನ ಪೀಠ, ಕೂತು ಕೂತು ನಡುವೆ ತಗ್ಗು ಬಿದ್ದಿತ್ತು. ಒಳಬರುವವರನ್ನೆಲ್ಲ ತಡೆದು ಕೇಳುತ್ತಿದ್ದವನು ಇಲ್ಲಿ ಕೂರುತ್ತಿದ್ದನಂತೆ. ಟೀಸಿಯವರು ಆಚೀಚೆ ನೋಡಿ ಆ ತಗ್ಗಿನಲ್ಲಿ ಕೂತರು. ಹೊಲಿಸಿದ ಅಂಗಿಯಂತೆ ಸರಿಯಾಗಿ ಹೊಂದಿತು. ಅವರಿಗೆ ಎಂದೂ ಆಗದಷ್ಟು ಸಂತೋಷವಾಯಿತು. ಅವನೂ ಹೀಗೇ ಕೂತಿರಬೇಕು, ಹುಲ್ಲಿನ ಹೊರೆಯೊಳಗೆ ಕೈ ಹಾಕಿ ತಡಕಿರಬೇಕು, ಎಲ್ಲರ ಬೈಗುಳ ತಿಂದಿರಬೇಕು. ರಾಜರೆಲ್ಲ ಹೋದರು, ಅವನು ಸವೆಸಿದ ಕಲ್ಲು ಮಾತ್ರ ಹಾಗೇ ಉಳಿಯಿತು. "ನೋಡೇ ಇಲ್ಲಿ," ಎಂದು ಅವರು ಪಕ್ಕಕ್ಕೆ ತಿರುಗಿದರು. ಪಕ್ಕದಲ್ಲಿ ಯಾರೂ ಇರಲಿಲ್ಲ. ಅವಳನ್ನು ಕೂರಿಸಿ ಬಂದದ್ದು ಆಮೇಲೆ ನೆನಪಾಯಿತು. ಮತ್ತೆ ಆ ಕಲ್ಲಿನ ಗುಂಗಿನಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ. ಬಿಸಿಲು ಕಾಲಿನಿಂದ ಸರಿದು ಗೋಡೆ ಹತ್ತಿದಾಗ ಗಾಬರಿಯಾಗಿ ಎದ್ದರು.

ಮರದ ಕೆಳಗಿನ ಬೆಂಚು ಖಾಲಿಯಿತ್ತು.

ಟೋಪಿಯವನೂ ಇರಲಿಲ್ಲ. ಕಾರು ಮಾತ್ರ ನಿಂತಿತ್ತು, ಬಾಗಿಲುಗಳಿಗೆ ಬೀಗ. ಟೀಸಿಯವರು ಗಾಜಿನ ಮೇಲೆ ಎರಡೂ ಕೈಯನ್ನು ಮರೆಯಾಗಿ ಹಿಡಿದು ಒಳಗೆ ಇಣುಕಿದರು. ಮುಂದಿನ ಸೀಟು, ಹಿಂದಿನ ಸೀಟು, ಸೀಟಿನ ಕೆಳಗೆ. ಡಿಕ್ಕಿಯನ್ನು ಎಳೆದು ನೋಡಿದರು. ಆಮೇಲೆ ಬಾಗಿಲಿಗೆ ಓಡಿ ಬಂದು, ಕಮಾನಿನ ಕೆಳಗೆ ಕಿಂಡಿಯ ಮುಂದೆ ಏದುಸಿರು ಬಿಡುತ್ತ ನಿಂತರು. ಒಳಗೆ ಟಿಕೆಟ್ ಕೊಡುವ ಹೆಂಗಸು ಬಿಸಿನೀರಿನ ಲೋಟಕ್ಕೆ ಊದಿಕೊಳ್ಳುತ್ತಿದ್ದಳು.

"ಇಲ್ಲೊಂದು ಬ್ಯಾಗಿತ್ತು, ನೋಡಿದ್ರಾ?"

"ಯಾವ ಬ್ಯಾಗು ಸಾರ್?"

"ಕಪ್ಪು ಬ್ಯಾಗು! ಪಾಸ್‌ಪೋರ್ಟೆಲ್ಲ ಅದರಲ್ಲೇ ಇದೆ. ಆ ಟೋಪಿಯವನು ಹೊಡ್ಕೊಂಡು ಹೋದ. ನನಗೆ ಮೊದಲೇ ಗೊತ್ತಿತ್ತು. ಕಳ್ಳನನ್ನ ಮುಖ ನೋಡಿ ಹೇಳ್ತೀನಿ ನಾನು."

"ಅವನ ಕಾರು ಇಲ್ಲೇ ಇದೆಯಲ್ಲ ಸಾರ್. ಸ್ವಲ್ಪ ಮೆಲ್ಲಗೆ ಮಾತಾಡಿ."

"ಯಾಕೆ ಮೆಲ್ಲಗೆ? ನೀವೂ ಅವನ ಕಡೆಯವರೇನಾ?"

ಆ ಹೆಂಗಸು ಲೋಟ ಕೆಳಗಿಟ್ಟಳು. "ನಿಮ್ಮ ಜೊತೆ ಒಬ್ರು ಅಮ್ಮ ಇದ್ರಲ್ಲ. ಅವರೆಲ್ಲಿ?"

"ಅವಳಾ? ಅವಳೆಲ್ಲಿಗೆ ಹೋಗ್ತಾಳೆ?" ಟೀಸಿಯವರು ಅಂಗಿಯ ಜೇಬನ್ನು ಪಟಪಟ ತಟ್ಟಿದರು. "ಅವಳ ಕಾರ್ಡು ಇಲ್ಲಿದೆ. ಇದಿಲ್ಲದೆ ಅವಳು ಎಲ್ಲಿಗೂ ಹೋಗೋ ಹಾಗಿಲ್ಲ. ನೀವು ಮೊದಲು ಬ್ಯಾಗಿನ ವಿಷಯ ನೋಡಿ."

ಹೆಂಗಸು ಅವರ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕಿಂಡಿಯಿಂದ ಕತ್ತು ಚಾಚಿ ಗುಡ್ಡದ ನೆತ್ತಿಯ ಕಡೆ ನೋಡಿ, ಮತ್ತೆ ತನ್ನ ಲೋಟ ಎತ್ತಿಕೊಂಡಳು. ಇವಳೂ ಒಳಸಂಚಿನಲ್ಲಿದ್ದಾಳೆ ಎಂಬುದು ಟೀಸಿಯವರಿಗೆ ಖಾತ್ರಿಯಾಯಿತು.

ಅವರು ರಸ್ತೆಗೆ ಬಂದರು. ಹಡಗಿನವರ ಬಸ್ಸು ಜನರನ್ನು ತುಂಬಿಕೊಂಡು ಹೊರಟುಹೋಯಿತು. ಧೂಳು ಅಡಗಿತು. ರಸ್ತೆಯ ಎರಡೂ ಕಡೆ ಯಾರೂ ಕಾಣಲಿಲ್ಲ. ಆಗ, ಅಷ್ಟು ಹೊತ್ತಾದ ಮೇಲೆ, ಬ್ಯಾಗಿನ ಪಟ್ಟಿ ಅವಳ ಕೈಗೆ ಸುತ್ತಿಕೊಂಡಿತ್ತಲ್ಲ ಎಂಬುದು ಅವರ ತಲೆಗೆ ಹೊಳೆಯಿತು. ಬ್ಯಾಗು ಕಿತ್ತುಕೊಳ್ಳಬೇಕಾದರೆ ಅವಳನ್ನು ಏನಾದರೂ ಮಾಡಿರಬೇಕು. ಅವಳು ಯಾವ ಬಣ್ಣದ ಬಟ್ಟೆ ಹಾಕಿಕೊಂಡಿದ್ದಳು ಎಂದು ನೆನಪಿಸಿಕೊಳ್ಳಲು ನೋಡಿದರು; ಆಗಲಿಲ್ಲ. ಟೋಪಿಯ ಬಣ್ಣ ನೆನಪಿತ್ತು, ಕಾರಿನ ನಂಬರು ನೆನಪಿತ್ತು. ಅವಳ ಬಟ್ಟೆ ನೆನಪಾಗಲಿಲ್ಲ.

"ಏ! ಎಲ್ಲಿದ್ದೀಯೇ!" ಎಂದು ಅವರು ಕೂಗಿದರು. ಇನ್ನೊಮ್ಮೆ ಕೂಗಿದರು. ಅವರ ಕಣ್ಣಲ್ಲಿ ನೀರು ಬಂದಿತ್ತು, ಅದು ಅವರಿಗೇ ಗೊತ್ತಾಗಲಿಲ್ಲ.

ಗುಡ್ಡದ ಹಿಂಬದಿಯಿಂದ, ಪೊದೆಗಳ ನಡುವಿನ ದಾರಿಯಲ್ಲಿ ಇಬ್ಬರು ಬರುತ್ತಿದ್ದರು. ಮುಂದೆ ಹೆಂಡತಿ. ಕೈಯಲ್ಲಿ ಟೋಪಿಯವನ ಕೊಡೆ, ಊರುಗೋಲಿನಂತೆ. ಹೆಗಲಲ್ಲಿ ಕಪ್ಪು ಬ್ಯಾಗು, ಪಟ್ಟಿ ಕೈಗೆ ಸುತ್ತಿಕೊಂಡೇ ಇತ್ತು. ಮುಖ ಕೆಂಪಗಾಗಿ ಬೆವೆತಿತ್ತು. ಅವಳು ತಿಳಿಹಸಿರು ಬಟ್ಟೆ ಹಾಕಿಕೊಂಡಿದ್ದಳು.

"ಎಲ್ಲಿ ಹೋಗಿದ್ದೆ?" ಎಂದು ಟೀಸಿಯವರು ರೇಗಿದರು. ಸಮಾಧಾನವಾದಾಗ ಅವರಿಗೆ ಬರುತ್ತಿದ್ದುದು ಅದೊಂದೇ ಧ್ವನಿ.

"ಮೇಲಕ್ಕೆ."

"ಮಂಡಿ?"

"ಇದೆ," ಎಂದು ಅವಳು ಕಾರಿನಲ್ಲಿ ಕೂತಳು.

ಟೋಪಿಯವನು ಟೋಪಿ ತೆಗೆದು ಪಕ್ಕದ ಸೀಟಿನ ಮೇಲಿಟ್ಟು, ಎದುರಿನ ಕನ್ನಡಿಯನ್ನು ಸ್ವಲ್ಪ ಓರೆ ಮಾಡಿಕೊಂಡ. ಹಿಂದೆ ಕೂತವರಿಗೆ ಅವನ ಮುಖ ಕಾಣದ ಹಾಗಾಯಿತು. ಬರುವಾಗ ವಟವಟ ಎನ್ನುತ್ತಿದ್ದವನು ಈಗ ಯಾಕೆ ಸುಮ್ಮನಿದ್ದಾನೆ? ಟೀಸಿಯವರ ಗುಮಾನಿ ಮತ್ತೆ ತಲೆಯೆತ್ತಿತು. ಹೆಂಡತಿಯ ಹತ್ತಿರ ಸರಿದು ಮೆಲ್ಲಗೆ ಕೇಳಿದರು.

"ಮೇಲೆ ಏನಿತ್ತು?"

"ಏನಿಲ್ಲ. ಗಾಳಿ. ಒಂದು ಕಟ್ಟೆ." ಅವಳು ಕೊಡೆಯನ್ನು ಕಾಲ ಬಳಿ ನಿಲ್ಲಿಸಿಕೊಂಡಳು. "ಇವರು ಹೇಳಿದ್ದು ಸುಳ್ಳಲ್ಲ. ಎಲ್ಲಾ ಕೇಳಿಸುತ್ತೆ."

"ಎಲ್ಲಾ ಅಂದ್ರೆ?"

"ಎಲ್ಲಾ. ಜೇಬು ತಟ್ಟಿದ್ದೂ ಕೇಳಿಸ್ತು."

ಕಾರು ಅಕ್ಕನ ಮನೆಯ ಗಲ್ಲಿಯನ್ನು ದಾಟಿ ನೇರ ಬಂದರಿನ ರಸ್ತೆ ಹಿಡಿಯಿತು. ಟೀಸಿಯವರು ಓರೆಯಾದ ಕನ್ನಡಿಯನ್ನು ನೋಡಿದರು, ತಮ್ಮ ಮೊಣಕಾಲನ್ನು ನೋಡಿದರು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

"ಆಮೇಲೆ ನಿನ್ನ ಕೂಗಿದೆ," ಎಂದರು ಕೊನೆಗೆ. "ರಸ್ತೆಗೆ ಬಂದು ಕೂಗಿದೆ. ಎರಡು ಸಲ."

"ಅದು ಕೇಳಿಸ್ಲಿಲ್ಲ."

ಅವರು ಅವಳ ಮುಖವನ್ನು ಪರೀಕ್ಷಿಸಿದರು. ಸುಳ್ಳು ಹೇಳುವವರ ಕಣ್ಣು ಎಲ್ಲಿ ಹೊರಳುತ್ತದೆ, ತುಟಿ ಹೇಗೆ ಬಿಗಿಯುತ್ತದೆ ಎಂಬುದು ಅವರಿಗೆ ಬಾಯಿಪಾಠ. ಎಷ್ಟು ಹುಡುಕಿದರೂ ಸಿಗಲಿಲ್ಲ. ಅವಳಿಗೆ ನಿಜವಾಗಿಯೂ ಕೇಳಿಸಿರಲಿಲ್ಲ.

ಬಂದರಿನಲ್ಲಿ ಇಳಿದಾಗ ಅವಳು ಕೊಡೆಯನ್ನು ಟೋಪಿಯವನಿಗೆ ವಾಪಸು ಕೊಟ್ಟಳು. "ಬರ್ತೀನಪ್ಪ, ನಿನ್ನಿಂದ ಮೇಲೆ ಹತ್ತಿದೆ," ಎಂದಳು. ಅವನು ತಲೆಯಾಡಿಸಿದ. ಟೀಸಿಯವರಿಗೂ ಏನೋ ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಅವನು ಟೋಪಿ ಹಾಕಿಕೊಂಡು ಕಾರು ತಿರುಗಿಸಿದ್ದ.

ಹಡಗಿನ ಏಣಿಯ ಹತ್ತಿರ ಕೊನೆಯ ಜನ ಸಾಲು ನಿಂತಿದ್ದರು. ತಮ್ಮ ಸರದಿ ಬಂದಾಗ ಟೀಸಿಯವರು ಜೇಬಿನ ಗುಂಡಿ ಬಿಚ್ಚಿದರು. ಎರಡೂ ಕಾರ್ಡು ಹೊರತೆಗೆದು, ಅವಳದನ್ನು ಬೇರೆ ಮಾಡಿ, ಅವಳ ಮುಂದೆ ಹಿಡಿದರು. ಅವಳು ಆತುರಪಡಲಿಲ್ಲ. ಮೊದಲು ಕೈಗೆ ಸುತ್ತಿದ್ದ ಪಟ್ಟಿಯನ್ನು ಬಿಚ್ಚಿದಳು. ಮಣಿಕಟ್ಟಿನ ಮೇಲೆ ಕೆಂಪು ಬರೆ ಬಿದ್ದಿತ್ತು.

"ತಗೊಳ್ಳಿ, ನಿಮ್ಮ ಬ್ಯಾಗು," ಎಂದು ಅವರ ತೋಳಿಗೆ ಹಾಕಿದಳು.

ಆಮೇಲೆ ಕಾರ್ಡು ತೆಗೆದುಕೊಂಡಳು. ಈ ಕಡೆ ತಿರುಗಿಸಿ ತನ್ನ ಫೋಟೋ ನೋಡಿದಳು, ಆ ಕಡೆ ತಿರುಗಿಸಿ ಹಿಂಬದಿಯನ್ನು ನೋಡಿದಳು. ತಾನೇ ಹೋಗಿ ಏಣಿಯ ಬುಡದಲ್ಲಿದ್ದ ಯಂತ್ರಕ್ಕೆ ಹಿಡಿದಳು. ಅದೂ ಕುಂಯ್ ಅಂದಿತು.

"ಸಾರ್, ಮುಂದೆ ಬನ್ನಿ," ಎಂದು ಕಾವಲಿನವನು ಕರೆದ. ಟೀಸಿಯವರು ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ಮೇಲೆ ಏಣಿಯಲ್ಲಿ ತಿಳಿಹಸಿರು ಬಟ್ಟೆ ಒಂದೊಂದೇ ಮೆಟ್ಟಿಲು ಏರುತ್ತಿತ್ತು. ಕಾರ್ಡು ಹಿಡಿದ ಕೈ ಅವಳ ಬದಿಯಲ್ಲೇ ಇತ್ತು, ಕಂಬಿಯನ್ನು ಹಿಡಿದಿರಲಿಲ್ಲ.