ಅರ್ಧದಲ್ಲಿ ನಿಲ್ಲಿಸಬಾರದ ಅಪಘಾತ

ಚನಿಯಪ್ಪನ ಆಟೋ ತಿರುವಿನಲ್ಲಿ ಮಗುಚಿದ ಮೇಲೆ ವಿಮಲಾ ಅವರು ಯಾವ ವಾಹನಕ್ಕೂ ಹತ್ತಿರಲಿಲ್ಲ. ನಾಲ್ಕು ತಿಂಗಳಿನಿಂದ ಮೂಡುಬಿದಿರೆಯಲ್ಲಿ ಎಲ್ಲಿಗೆ ಹೋಗುವುದಿದ್ದರೂ ನಡಿಗೆಯೇ. ಆದರೆ ಮುಂದಿನ ವಾರದ ಭಾನುವಾರ ಬೆಳ್ತಂಗಡಿಯಲ್ಲಿ ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವುದಿತ್ತು. ನಡೆದು ಹೋದರೆ ಕೂಸು ಶಾಲೆಗೆ ಸೇರುವ ಹೊತ್ತಿಗೆ ಮುಟ್ಟಬಹುದು ಎಂದು ಹೇಳಿದ ಮಗ ಸಮ್ಮೇದ್, ಅವರನ್ನು ಬುಧವಾರದ ಗುಂಪಿಗೆ ಸೇರಿಸಿದ.

ಗುಂಪು ಸೇರುತ್ತಿದ್ದುದು ಸೊಸೈಟಿಯ ಮಾಳಿಗೆಯಲ್ಲಿ. ರಸ್ತೆಯಲ್ಲಿ ಬಿದ್ದು ಎದ್ದವರೇ ಆರು ಜನ. ನಡೆಸುವವಳು ಬಂಟ್ವಾಳದ ವಿಜೇತಾ, ಇಪ್ಪತ್ತೇಳರ ಹುಡುಗಿ. ಕಣ್ಣು ಮುಚ್ಚಿ, ಅಪಘಾತ ಈಗಲೇ ಆಗುತ್ತಿದೆ ಎಂಬಂತೆ ಹೇಳಬೇಕು. ಹೇಳಿ ಹೇಳಿ ಹೆದರಿಕೆ ಸವೆಯುತ್ತದೆ ಎಂದು ಅವಳು ವಿವರಿಸಿದಳು. ಐದು ಗಂಟೆಗೆ ಅವಳ ಮೊಬೈಲ್ ಬಡಿಯುತ್ತಿತ್ತು. ಆಮೇಲೆ ಒಂದು ಮಾತೂ ಇಲ್ಲ.

ಮೊದಲ ಬುಧವಾರ ಮೀನಿನ ಲಾರಿಯ ಅಬ್ದುಲ್ ರವೂಫ್ ಹೇಳಿದರು. ಎದುರಿಗೆ ಜೈನರ ಹಿರಿಯ ಹೆಂಗಸು ಕೂತಿದ್ದಾರೆಂದು ಅವರು ಮೀನಿಗೆ ಉದ್ದಕ್ಕೂ ‘ಸಾಮಾನು’ ಎಂದೇ ಅಂದರು. ಮಾಣಿ ಪೇಟೆಯ ಹತ್ತಿರ ಲಾರಿ ಅಡ್ಡ ಬಿತ್ತು, ಸಾಮಾನು ರಸ್ತೆಯೆಲ್ಲ ಹರಡಿತು, ಅವರು ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡಿದರು. ಅಷ್ಟರಲ್ಲಿ ಐದು ಗಂಟೆಯಾಯಿತು. ಉಳಿದದ್ದು ಮುಂದಿನ ವಾರ ಎಂದು ವಿಜೇತಾ ಬಾಗಿಲು ಹಾಕಿಸಿದಳು.

ಆ ವಾರ ವಿಮಲಾ ಅವರಿಗೆ ನಿದ್ದೆ ಹತ್ತಲಿಲ್ಲ. ಅವರು ಬೆಳೆದದ್ದು ಅಪ್ಪ ಕಾವ್ಯ ವಾಚಿಸುತ್ತಿದ್ದ ಮನೆಯಲ್ಲಿ. ರಾಣಿ ಕಾಡುಪಾಲಾದಲ್ಲಿಗೆ ಅಪ್ಪ ಪುಸ್ತಕ ಮಡಚಿದವರಲ್ಲ. ಎಷ್ಟೇ ಹೊತ್ತಾಗಲಿ, ಇನ್ನೊಂದು ಹತ್ತು ಪದ್ಯ ಓದಿ, ಅವಳಿಗೊಂದು ನೆರಳು, ಯಾರಾದರೊಬ್ಬರ ಒಳ್ಳೆಯ ಮಾತು ಸಿಕ್ಕಿದ ಮೇಲೆಯೇ ಮಂಗಳ. ಇಲ್ಲಿ ನೋಡಿದರೆ ಬದುಕಿರುವ ಮನುಷ್ಯನನ್ನೇ ತಲೆಕೆಳಗೆ ಬಿಟ್ಟು ಬೀಗ ಹಾಕಿದ್ದಾರೆ. ಶುಕ್ರವಾರ ಅವರು ರವೂಫರನ್ನು ಹೋಟೆಲಿನ ಬೆಂಚಿನಲ್ಲಿ ಕಂಡರು. ಗೋಳಿಬಜೆ ತಿನ್ನುತ್ತಿದ್ದರು. ಆದರೂ ಸಮಾಧಾನವಾಗಲಿಲ್ಲ. ನೀವು ನೇತಾಡುವುದೇ ಕಣ್ಣಿಗೆ ಬರುತ್ತದೆ, ನಿಮಗೆ ಹೇಗೆ ಎಂದು ಸಂಕೋಚದಿಂದಲೇ ಕೇಳಿದಾಗ ರವೂಫರು ಕೈಯ ಬಜೆ ಕೆಳಗಿಟ್ಟರು.

‘ನಾನೂ ಅಲ್ಲೇ ನೇತಾಡ್ತಾ ಇದ್ದೇನೆ ಅಕ್ಕ.’

ಮುಂದಿನ ಬುಧವಾರ, ಮೊದಲು ಇವರನ್ನು ಇಳಿಸುವ ಎಂದು ವಿಮಲಾ ಮೆಲ್ಲಗೆ ಕೇಳಿಕೊಂಡರು. ವಿಜೇತಾ ಹತ್ತು ನಿಮಿಷ ಕೊಟ್ಟಳು. ಸಾಮಾನು ಹೆಕ್ಕಲು ಊರೇ ಬಂದಿತ್ತಂತೆ. ಅವರಲ್ಲೊಬ್ಬ ಚೀಲ ಕೆಳಗಿಟ್ಟು ಬೆಲ್ಟು ಕೊಯ್ದು, ರವೂಫರನ್ನು ನೆರಳಿಗೆ ಸಾಗಿಸಿ, ಗಾಯಕ್ಕೆ ತನ್ನ ಹೆಗಲ ಬೈರಾಸು ಕಟ್ಟಿ, ಆಮೇಲೆ ಕೇಳಿದನಂತೆ: ‘ಕಾಕ, ಇನ್ನು ತೆಗೊಳ್ಳಬಹುದಾ?’ ಹೇಳುತ್ತ ರವೂಫರಿಗೇ ನಗು ಬಂತು.

ಆಮೇಲೆ ವಿಮಲಾ ಅವರ ಸರದಿ. ಕಣ್ಣು ಮುಚ್ಚಿ, ಕೈ ಮುಗಿದು, ಆ ದಿನದ ಆಕಾಶದಿಂದ ಶುರುಮಾಡಿದರು. ಚನಿಯಪ್ಪನ ತಂದೆ, ಅಜ್ಜ, ಅಜ್ಜನ ಎತ್ತಿನ ಗಾಡಿ, ಎತ್ತುಗಳ ಹೆಸರು ಎಲ್ಲ ಬಂದವು. ಆಟೋ ಸ್ಟಾರ್ಟ್ ಆಗುವಾಗ ನಾಲ್ಕೂ ಐವತ್ತು. ತಿರುವಿನಲ್ಲಿ ಮಗುಚುವುದಕ್ಕೂ ಮೊಬೈಲ್ ಬಡಿಯುವುದಕ್ಕೂ ಸರಿಹೋಯಿತು.

ಇವತ್ತಿಗೆ ಸಾಕು ಎಂದಳು ವಿಜೇತಾ. ಯಾರಿಗೂ ಎದುರಾಡದ ವಿಮಲಾ ಕಣ್ಣು ತೆರೆಯಲಿಲ್ಲ.

‘ಇಲ್ಲಿ ನಿಲ್ಲಿಸ್ಲಿಕ್ಕೆ ಆಗುವುದಿಲ್ಲ ಮಗಾ. ನಾನು ಕೆಳಗೆ ಬಿದ್ದಿದ್ದೇನೆ.’

ನಿಯಮ ಉಂಟು ಎಂದು ವಿಜೇತಾ ಹೇಳುವಷ್ಟರಲ್ಲಿ ರವೂಫರು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಕೊನೆಯ ಬಸ್ಸು ತಪ್ಪಿದರೂ ಚಿಂತೆಯಿಲ್ಲ ಎಂದರು ಉಳಿದವರು. ಅವಳು ಮೊಬೈಲ್ ಚೀಲಕ್ಕೆ ಹಾಕಿ ಕೂತಳು.

ವಿಮಲಾ ತಡವರಿಸಿದರು. ಪೊಲೀಸರಿಗೆ, ನೆಂಟರಿಗೆ, ಡಾಕ್ಟರಿಗೆ ಎಲ್ಲರಿಗೂ ಬಿದ್ದಲ್ಲಿಯವರೆಗೆ ಸಾಕಾಗಿತ್ತು. ಮುಂದಿನದನ್ನು ಅವರೂ ಹೇಳಿರಲಿಲ್ಲ. ಈಗ ಒಂದೊಂದೇ ಬಂತು. ಹತ್ತಿರದ ಮನೆಯ ಹೆಂಗಸು ಚೊಂಬಿನಲ್ಲಿ ನೀರು ತಂದಳು. ಹೊತ್ತು ಮುಳುಗಿತಾ, ಮುಳುಗಿದರೆ ವ್ರತ, ನಾನು ಕುಡಿಯುವುದಿಲ್ಲ ಎಂದು ಇವರು ಬಿದ್ದಲ್ಲಿಂದಲೇ ಕೇಳಿದರು. ರಸ್ತೆಯಲ್ಲಿ ನೆರೆದವರಲ್ಲಿ ಚರ್ಚೆಯಾಯಿತು. ಗುಡ್ಡದ ಹಿಂದೆ ಹೋದದ್ದು ಮುಳುಗಿದ ಲೆಕ್ಕವಲ್ಲ ಎಂದ ಒಬ್ಬ. ಇನ್ನೊಬ್ಬ ಮೊಬೈಲಿನಲ್ಲಿ ನೋಡಿ, ಮೂರು ನಿಮಿಷ ಉಂಟು ಕುಡಿಯಿರಿ ಎಂದ. ಭುಜ ಮುರಿದ ಚನಿಯಪ್ಪ ಇನ್ನೊಂದು ಕೈಯಲ್ಲಿ ಅವರ ತಲೆ ಎತ್ತಿ ಹಿಡಿದ. ರಸ್ತೆಯಲ್ಲಿದ್ದವರೆಲ್ಲ ಅವರು ಗುಟುಕರಿಸುವುದನ್ನೇ ನೋಡುತ್ತ ನಿಂತರು.

‘ಮತ್ತೆ?’ ಎಂದಳು ವಿಜೇತಾ. ಅವಳ ಪೆನ್ನು ನಿಂತಿತ್ತು.

‘ಮತ್ತೆ ಆಸ್ಪತ್ರೆಗೆ. ಬೇರೆ ಆಟೋದಲ್ಲಿ.’

ಬಿದ್ದ ಮೇಲೆ ನೀವು ಹತ್ತಿದ್ದೀರಲ್ಲ ಅಕ್ಕ ಎಂದು ರವೂಫರು ಮೆಲ್ಲಗೆ ನೆನಪಿಸಿದರು. ಹತ್ತಿದ್ದಲ್ಲ, ಹತ್ತಿಸಿದ್ದು ಎಂದು ವಿಮಲಾ ತುಸು ಸಿಟ್ಟಿನಿಂದಲೇ ತಿದ್ದಿದರು. ಆದರೆ ಭಾನುವಾರ ಯಾವ ಗಾಡಿ ಎಂದು ವಿಜೇತಾ ಕೇಳಿದಾಗ ತಡಮಾಡಲಿಲ್ಲ.

‘ಚನಿಯಪ್ಪನದ್ದೇ. ಅಂದಿನಿಂದ ಅವನು ತೆಂಗಿನಕಾಯಿ ಮಾತ್ರ ಸಾಗಿಸ್ತಾನೆ, ಜನ ಹತ್ತಿಸುವುದಿಲ್ಲ. ಅವನೂ ಅಲ್ಲೇ ಬಿದ್ದುಕೊಂಡಿದ್ದಾನೆ, ಪಾಪ.’

ಚನಿಯಪ್ಪನನ್ನು ಒಪ್ಪಿಸಲು ಶನಿವಾರದವರೆಗೆ ಬೇಕಾಯಿತು. ಭಾನುವಾರ ಬೆಳಿಗ್ಗೆ ಆರಕ್ಕೇ ಆಟೋ ಹೊರಟಿತು. ತಿರುವು ಬಂದಾಗ ವಿಮಲಾ ಕಂಬಿ ಹಿಡಿದು ಕಣ್ಣು ಮುಚ್ಚಿ ಪಂಚನಮಸ್ಕಾರ ಮಂತ್ರ ಹೇಳಿಕೊಂಡರು. ಒಂದು ಸಲ, ಎರಡು ಸಲ, ಏಳು ಸಲ ಮುಗಿಸಿ ಕಣ್ಣು ಬಿಟ್ಟರೂ ತಿರುವು ಮುಗಿದಿರಲಿಲ್ಲ. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲೊಂದು ಬೆಲ್ಲು ಹೊಡೆದು ಅವರನ್ನು ದಾಟಿ ಮುಂದೆ ಹೋಯಿತು. ಚನಿಯಪ್ಪನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು.

ವಿಮಲಾ ಕಂಬಿ ಬಿಟ್ಟು ಮುಂದಕ್ಕೆ ಬಾಗಿದರು.

‘ಸ್ವಲ್ಪ ಜೋರು ಬಿಡು ಚನಿಯಪ್ಪ. ಕೂಸಿಗೆ ಹೆಸರು ಕೂಗ್ಲಿಕ್ಕೆ ಅಜ್ಜಿ ಬೇಡವಾ?’