ದೊಡ್ಡ ದ್ವೀಪ, ಸಣ್ಣ ದ್ವೀಪ

ಕೆನಡಾದಲ್ಲಿ ಇರಲು ಕೊಟ್ಟಿದ್ದ ಪರ್ಮಿಟ್ಟು ಆಗಸ್ಟಿಗೆ ಮುಗಿಯುತ್ತದೆ, ಮುಂದಕ್ಕೆ ಸಿಗುವುದಿಲ್ಲ ಎಂದು ಖಾತ್ರಿಯಾದ ದಿನ ಮಾಧುರಿ ಅಳಲಿಲ್ಲ. ಟೊರೊಂಟೊದ ರೆಕ್ಸ್‌ಡೇಲಿನಲ್ಲಿ ಬಾಡಿಗೆಗಿದ್ದ ಬೇಸ್‌ಮೆಂಟಿನ ಅಡುಗೆಕಟ್ಟೆಗೆ ಬೆನ್ನು ಆನಿಸಿ ನಿಂತು ಗಂಡನ ಮುಖವನ್ನೇ ನೋಡಿದಳು. ಆನಂದಕುಮಾರ ಬೆಳಗಾವಿಯವನು. ಇಲ್ಲಿಗೆ ಓದಲು ಬಂದು, ಓದು ಮುಗಿಸಿ, ಗೋದಾಮೊಂದರಲ್ಲಿ ಸೂಪರ್‌ವೈಸರ್ ಆಗಿದ್ದ. ವಯಸ್ಸು ನಲವತ್ತರ ಹತ್ತಿರ ಸರಿದಂತೆ ಕಾಯಂ ನೆಲೆಸಲು ಬೇಕಾದ ಅವನ ಪಿಆರ್ ಪಾಯಿಂಟುಗಳು ಇಳಿಯುತ್ತಿದ್ದವು, ಸರ್ಕಾರ ಕೇಳುವ ಪಾಯಿಂಟುಗಳು ಏರುತ್ತಿದ್ದವು.

"ಊರಿಗೆ ಹೋಗೂಣೇನ್ರಿ?" ಎಂದಳು.

"ಊರಾಗ ಏನೈತಿ? ನಾ ಬಿಟ್ಟುಬಂದ ನೌಕರಿ ನನ್ನ ದಾರಿ ಕಾಯ್ಕೋತ ಕುಂತೈತೇನು?"

ಮುಚ್ಚಿದ ಬಾಗಿಲಿನ ಎದುರು ನಿಂತವರಿಗೆ ಕಿಟಕಿ ಕಂಡ ಹಾಗೆ, ಅದೇ ವಾರ ಎರಡು ಕರೆ ಬಂದವು. ಮೊದಲನೆಯದು ತೇಜಸ್ವಿಯದು. ಆನಂದಕುಮಾರನ ಕಾಲೇಜಿನ ಗೆಳೆಯನಾದ ಅವನು ನ್ಯೂಜಿಲೆಂಡಿನಲ್ಲಿ ದೊಡ್ಡದೊಂದು ಡೈರಿ ಫಾರ್ಮ್ ನೋಡಿಕೊಳ್ಳುತ್ತಿದ್ದ. ಅಲ್ಲಿ ಕೆಲಸ ಇದೆ, ಬಾ ಎಂದ. ಎರಡನೆಯದು ಮಾಲ್ಡೀವ್ಸಿನಿಂದ, ಮಾಧುರಿಗೆ. ಮದುವೆಗೆ ಮುಂಚೆ ಅವಳು ಅಲ್ಲಿನ ಪುಟ್ಟ ದ್ವೀಪವೊಂದರ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದಳು. ಆಗ ಜೊತೆಗಿದ್ದ ಮಂಗಳೂರಿನ ಅರುಂಧತಿ ಈಗಲೂ ಅಲ್ಲೇ ಇದ್ದಳು. "ಪೋಸ್ಟ್ ಖಾಲಿ ಉಂಟು ಮಾರಾಯ್ತಿ, ಡಾಕ್ಟ್ರು ನಿನ್ನ ಹೆಸರೇ ಹೇಳ್ತಾರೆ. ಮಗಳನ್ನೂ ಕರ್ಕೊಂಡು ಬಾ," ಎಂದಳು.

ಅಂದಿನಿಂದ ಊಟದ ತಟ್ಟೆಯ ಮುಂದೆ ದಿನವೂ ಎರಡು ದ್ವೀಪಗಳ ಮಾತೇ. ತೇಜಸ್ವಿ ವಿಡಿಯೋದಲ್ಲಿ ತೋರಿಸುತ್ತಿದ್ದ ಹಸಿರು ಗುಡ್ಡಗಳನ್ನು ಆನಂದಕುಮಾರ ಕಣ್ಣು ಮಿಟುಕಿಸದೆ ನೋಡುತ್ತಿದ್ದ.

"ದವಾಖಾನಿ, ಸಾಲಿ, ರೋಡು, ಎಲ್ಲಾ ಐತಿ. ದ್ವೀಪ ಅಂತ ಹೆಸರಿಗಷ್ಟ. ದಿನಗಟ್ಟಲೆ ಕಾರ್ ಓಡಿಸಿದ್ರೂ ಮುಗಿಯಂಗಿಲ್ಲಂತ."

"ಬಾಜೂ ಮನಿ ಎಷ್ಟು ದೂರ ಐತಿ, ಕೇಳಿದ್ರೇನು?"

ಕೇಳಿದ್ದ. ಎಂಟು ಕಿಲೋಮೀಟರು. ತೇಜಸ್ವಿ ಅದನ್ನು ನಗುತ್ತಲೇ ಹೇಳಿದ್ದ, ಆದರೆ ಆ ನಗು ಸ್ವಲ್ಪ ಹೆಚ್ಚೇ ಹೊತ್ತು ನಡೆದಿತ್ತು.

ಮಾಧುರಿಯ ದ್ವೀಪದಲ್ಲಿ ಬಾಜೂ ಮನೆ ಎಂಬ ಮಾತೇ ಇರಲಿಲ್ಲ. ಊರೆಲ್ಲ ಒಂದೇ ಮನೆ. ಸಂಜೆ ಶಿಫ್ಟ್ ಮುಗಿಸಿ ಬಿಳಿ ಮರಳಿನ ಬೀದಿಯಲ್ಲಿ ಈ ಕಡೆಯ ಸಮುದ್ರದಿಂದ ಆ ಕಡೆಯ ಸಮುದ್ರಕ್ಕೆ ನಡೆದು ಹೋಗುವಷ್ಟರಲ್ಲಿ ಎಲ್ಲರ ಯೋಗಕ್ಷೇಮವೂ ಗೊತ್ತಾಗುತ್ತಿತ್ತು. ಅವಳಿಗೆ ಜ್ವರ ಬಂದಾಗ ಹೆಂಗಸರು ಮೀನಿನ ಸಾರು ತಂದರು. ಲಿಂಗಾಯತರ ಹುಡುಗಿ ಅದನ್ನು ಮುಟ್ಟುವುದಿಲ್ಲ ಎಂದು ತಿಳಿದು ಎಳನೀರು ತಂದರು. ಹಾಗೆಂದು ಅಲ್ಲಿ ಎಲ್ಲವೂ ಸುಖವಾಗಿರಲಿಲ್ಲ. ಒಬ್ಬಳೇ ಕೂತು ಅಳುವುದಕ್ಕೂ ಜಾಗವಿಲ್ಲದ ಊರು ಅದು. ಸರಕಿನ ದೋಣಿ ತಡವಾದರೆ ಈರುಳ್ಳಿಯೂ ಇಲ್ಲ. ಆದರೂ ಇಲ್ಲಿ ಮೂರು ವರ್ಷವಾದರೂ ಎದುರು ಮನೆಯವರ ಹೆಸರು ತಿಳಿಯದ ಬೇಸ್‌ಮೆಂಟಿನಲ್ಲಿ ಕೂತಾಗ, ಆ ದ್ವೀಪ ನೆನಪಾದರೆ ಅವಳ ಎದೆ ತಣ್ಣಗಾಗುತ್ತಿತ್ತು.

ತೊಡಕು ಇದ್ದದ್ದು ಬೇರೆ ಕಡೆ. ಆನಂದಕುಮಾರನಿಗೆ ಸಿಗುತ್ತಿದ್ದ ವೀಸಾದಲ್ಲಿ ಹೆಂಡತಿ ಮಗಳನ್ನು ಜೊತೆಗೆ ಕರೆದೊಯ್ಯುವಂತಿರಲಿಲ್ಲ. ಫಾರ್ಮಿನವರು ಮುಂದೆ ನೋಡೋಣ ಎಂದಿದ್ದರು, ಅಷ್ಟೆ. ಮಾಲ್ಡೀವ್ಸಿಗೆ ಮೂವರೂ ಹೋಗಬಹುದಿತ್ತು, ಆದರೆ ಅಲ್ಲಿ ಅವನಿಗೆ ಕೆಲಸವಿಲ್ಲ.

"ನಾ ಹೆಂಡ್ತಿ ದುಡಿಮ್ಯಾಗ ಸಮುದ್ರ ನೋಡ್ಕೋತ ಕುಂದ್ರಲಿ?" ಎಂದು ಒಮ್ಮೆ ಸಿಡಿದ. ಆಮೇಲೆ ತಾನೇ ಮೆತ್ತಗಾಗಿ, "ಕುಂದರ್ತೀನಿ ಬಿಡು. ಮೂವರೂ ಒಂದ ಕಡೆ ಇರ್ತೀವಲ್ಲ," ಎಂದ.

ಆ ಮಾತಿಗೆ ಮಾಧುರಿ ಹೂಂ ಅನ್ನಬೇಕಿತ್ತು. ಅನ್ನಲಾಗಲಿಲ್ಲ. ಅವರ ಮಗಳು ನಿಧಿಗೆ ಎಂಟು ವರ್ಷ. ಅವಳಿಗೆ ಅಸ್ತಮಾ ಇತ್ತು.

ದ್ವೀಪದಲ್ಲಿದ್ದಾಗ ಮಾಧುರಿ ಒಂದು ಹೆಣ್ಣುಮಗುವನ್ನು ಕಂಡಿದ್ದಳು. ಅದಕ್ಕೂ ಅದೇ ಕಾಯಿಲೆ. ಮಳೆಗಾಲದ ಮಧ್ಯಾಹ್ನ ಉಸಿರು ಕಟ್ಟಿತು. ಇದ್ದ ಔಷಧಿಯನ್ನೆಲ್ಲ ಕೊಟ್ಟರು, ಇದ್ದ ಆಮ್ಲಜನಕವನ್ನೆಲ್ಲ ಹಚ್ಚಿದರು. ದೊಡ್ಡ ಆಸ್ಪತ್ರೆಯಿದ್ದ ದ್ವೀಪ ಸ್ಪೀಡ್‌ಬೋಟಿನಲ್ಲಿ ಒಂದು ತಾಸಿನ ದಾರಿ. ಅಂದು ಅಲೆಗಳು ಬೋಟನ್ನು ಬಂದರಿನಿಂದ ಹೊರಡಲು ಬಿಡಲಿಲ್ಲ. ಊರಿಗೆ ಊರೇ ದಂಡೆಯಲ್ಲಿ ನಿಂತು ನೀರು ತಗ್ಗಲಿ ಎಂದು ಕಾಯಿತು. ನೀರು ತಗ್ಗಿತು, ಮರುದಿನ. ಅಷ್ಟು ಹೊತ್ತು ಆ ಮಗು ಕಾಯಲಿಲ್ಲ.

ಇದನ್ನು ಅವಳು ಗಂಡನಿಗೆ ಬಹಳ ಹಿಂದೆಯೇ ಹೇಳಿದ್ದಳು. ಈಗ ಇಬ್ಬರೂ ಅದರ ಮಾತೆತ್ತುತ್ತಿರಲಿಲ್ಲ.

ಜುಲೈಯಲ್ಲಿ ಉತ್ತರದ ಕಾಡುಗಳಿಗೆ ಬೆಂಕಿ ಬಿದ್ದು, ಹೊಗೆ ಟೊರೊಂಟೊದ ಮೇಲೆ ಕವಿಯಿತು. ಸೂರ್ಯ ತಾಮ್ರದ ತಟ್ಟೆಯಂತಾದ. ಮಾಧುರಿ ಬೇಸ್‌ಮೆಂಟಿನ ಪುಟ್ಟ ಕಿಟಕಿಯ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿದಳು. ಮೂರನೆಯ ದಿನ ಸಂಜೆ ನಿಧಿ ಟಿವಿ ನೋಡುತ್ತಿದ್ದವಳು ಎದ್ದು ಬಂದು ಅಮ್ಮನ ಸೊಂಟ ಹಿಡಿದಳು. "ಅಮ್ಮಾ, ಐ ಕಾಂಟ್..." ಮಾತು ಅಲ್ಲಿಗೇ ನಿಂತಿತು. ತುಟಿ ನೀಲಿಗಟ್ಟುತ್ತಿತ್ತು. ಉಸಿರಿನ ಪಂಪು ಕೊಟ್ಟರೂ ಫಲವಿಲ್ಲ. ಆನಂದಕುಮಾರ ಫೋನು ಒತ್ತಿದ.

ಆಂಬುಲೆನ್ಸು ಬಂದೇ ಬಿಟ್ಟಿತು. ಇಬ್ಬರು ಮೆಟ್ಟಿಲಿಳಿದು ಬಂದು ಮಗುವಿಗೆ ಮಾಸ್ಕು ಹಾಕಿ ಎತ್ತಿಕೊಂಡರು. ಆಸ್ಪತ್ರೆಯಲ್ಲಿ ಯಾರೂ ಪರ್ಮಿಟ್ಟಿನ ತಾರೀಖು ಕೇಳುತ್ತ ನಿಲ್ಲಿಸಲಿಲ್ಲ. ಮಗು ಅತ್ತಿತು, ಕೆಮ್ಮಿತು, ಕೊನೆಗೆ ಸಲೀಸಾಗಿ ಉಸಿರಾಡುತ್ತ ನಿದ್ದೆ ಹೋಯಿತು. ಮಾಧುರಿ ಆ ಎದೆ ಏರಿಳಿಯುವುದನ್ನೇ ನೋಡುತ್ತ ಕೂತಳು.

ಬಿಟ್ಟು ಕಳಿಸುವಾಗ ಡಾಕ್ಟರಮ್ಮ ಬಹಳ ಪ್ರೀತಿಯಿಂದ ಮಾತಾಡಿದಳು. ಅಕ್ಟೋಬರಿನಲ್ಲಿ ಮತ್ತೆ ತೋರಿಸಿ, ಈ ಹುಡುಗಿಯನ್ನು ನಾವು ಹತ್ತಿರದಿಂದ ನೋಡಿಕೊಳ್ಳಬೇಕು ಎಂದಳು. ಮಾಧುರಿ ತಲೆಯಾಡಿಸಿದಳು. ಅಕ್ಟೋಬರಿಗೆ ನಾವು ಇಲ್ಲಿರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಹೇಳಿದ್ದರೆ ತಾನೇ ಏನಾಗುತ್ತಿತ್ತು? ಪಾಪ, ಆಕೆಯ ಕೈಯಲ್ಲೇನಿತ್ತು?

ಮನೆಗೆ ಬಂದವಳೇ ಅರುಂಧತಿಗೆ ಫೋನು ಮಾಡಿದಳು. "ಆಗೂದಿಲ್ಲರಿ ಅಕ್ಕಾ," ಎಂದಳು. ಅರುಂಧತಿ ಯಾಕೆಂದು ಕೇಳಲಿಲ್ಲ. ಆ ದಿನ ದಂಡೆಯಲ್ಲಿ ಅವಳೂ ಇದ್ದಳು. "ಆಯ್ತು ಮಾರಾಯ್ತಿ. ಮಗಳನ್ನು ನೋಡ್ಕೋ," ಎಂದಷ್ಟೇ ಹೇಳಿದಳು.

ಇನ್ನುಳಿದದ್ದು ಒಂದೇ ದಾರಿ. ಆನಂದಕುಮಾರ ನ್ಯೂಜಿಲೆಂಡಿಗೆ, ಮಾಧುರಿ ಮತ್ತು ನಿಧಿ ಧಾರವಾಡಕ್ಕೆ, ಮಾಧುರಿಯ ತಾಯಿ ಗಿರಿಜವ್ವನ ಮನೆಗೆ. "ಒಂದ ವರ್ಷ ಅಷ್ಟ," ಎಂದ ಅವನು. "ಹೂಂ, ಅಷ್ಟ," ಎಂದಳು ಅವಳು. ಒಂದು ವರ್ಷವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಯಾರಾದರೂ ಏನಾದರೂ ಹೇಳಬೇಕಿತ್ತು, ಅದಕ್ಕೆ ಅವನೇ ಹೇಳಿದ್ದ.

ಅವನು ಮೊದಲು ಹೊರಟ. ಏರ್‌ಪೋರ್ಟಿನಲ್ಲಿ ನಿಧಿ ಅಪ್ಪನ ಅಂಗಿ ಬಿಡಲೊಲ್ಲಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ಮಾಧುರಿ.

ಎರಡು ದಿನದ ಮೇಲೆ, ಅವರು ತಮ್ಮ ಸೂಟ್‌ಕೇಸು ತುಂಬುತ್ತಿದ್ದಾಗ, ಆಕ್ಲೆಂಡಿನಿಂದ ವಿಡಿಯೋ ಕಾಲ್ ಬಂತು. ಮುಂದಿನ ವಿಮಾನಕ್ಕೆ ಕಾಯುತ್ತಿದ್ದ ಆನಂದಕುಮಾರ ಫೋನನ್ನು ಗಾಜಿನ ಕಡೆ ತಿರುಗಿಸಿದ. ದೂರದಲ್ಲಿ ಬೂದು ಬಣ್ಣದ ನೀರು, ಅದರಾಚೆ ಹಸಿರು.

"ಅಪ್ಪಾ, ಇಸ್ ಇಟ್ ದ ಬಿಗ್ ಐಲ್ಯಾಂಡ್ ಆರ್ ದ ಸ್ಮಾಲ್ ಒನ್?"

"ದೊಡ್ಡದು, ಪುಟ್ಟಿ. ಭಾಳ ದೊಡ್ಡದು."

"ದೆನ್ ದೇರ್ ಇಸ್ ರೂಮ್ ಫಾರ್ ಅಸ್, ನೋ?"

ಅವನು ಫೋನನ್ನು ತನ್ನ ಕಡೆ ತಿರುಗಿಸಿಕೊಂಡ. ಮಾಧುರಿ ಮಗಳ ಕೈಯಿಂದ ಫೋನು ತೆಗೆದುಕೊಂಡಳು. ಗಂಡನ ಕಣ್ಣು ಕೆಂಪಾಗಿದ್ದವು, ಗಡ್ಡ ಬೆಳೆದಿತ್ತು. ಕೇಳಬೇಕಾದದ್ದು ಬಹಳ ಇತ್ತು.

"ಊಟ ಆತೇನ್ರಿ?" ಎಂದಳು.