ಬಸವಣಪ್ಪನಿಗೆ ಬೇಕಾದ ಕರಕರ

ದುಬಲಗುಂಡಿಯ ಬಸವಣಪ್ಪ ರೇಡಿಯೊದಲ್ಲಿ ಮಾತಾಡಲಿದ್ದಾನೆ ಎಂಬ ಸುದ್ದಿ ಊರೆಲ್ಲ ಹಬ್ಬಿತ್ತು. ಹಬ್ಬಿಸಿದವನು ಬಸವಣಪ್ಪನೇ. ಈಗ ಆ ಕಾರ್ಯಕ್ರಮ ಹೆಂಡತಿಯ ಕಿವಿಗೆ ಬೀಳದಿದ್ದರೆ ಸಾಕೆಂದು ಕೊರಳಿನ ಲಿಂಗ ಮುಟ್ಟಿ ಬೇಡಿಕೊಳ್ಳುತ್ತಿದ್ದವನೂ ಬಸವಣಪ್ಪನೇ.

ಆದದ್ದಿಷ್ಟು. ಈ ಸಲ ಅವನ ಹೊಲದ ತೊಗರಿ ನೋಡುವ ಹಾಗೆ ಬಂದಿತ್ತು. ರೈತರ ಕಾರ್ಯಕ್ರಮ ಮಾಡುವ ಮನೀಷಾ ಎಂಬ ಹುಡುಗಿ ಮೈಕು ಹಿಡಿದು ಮನೆಗೇ ಬಂದಳು. ಪಡಸಾಲೆಯಲ್ಲಿ ಕುಳಿತು ಬೀಜ ಯಾವುದು, ಹುಳಕ್ಕೆ ಏನು ಹೊಡೆದಿರಿ ಎಂದೆಲ್ಲ ಕೇಳಿದಳು. ಬಸವಣಪ್ಪ ಗೊತ್ತಿದ್ದದ್ದನ್ನು ಹೇಳಿದ, ಗೊತ್ತಿಲ್ಲದ್ದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದ. ಎಲ್ಲ ಮುಗಿದ ಮೇಲೆ ಮನೀಷಾ, "ಕಾಕಾ, ಈಗ ಒಂದು ನಿಮಿಷ ಯಾರೂ ಮಾತಾಡಬ್ಯಾಡ್ರಿ. ಬರೇ ಮನಿ ಸಪ್ಪಳ ಹಿಡಕೋತೀನಿ" ಎಂದು ಹೆಡ್‌ಫೋನು ಏರಿಸಿ ಕಣ್ಣು ಮುಚ್ಚಿದಳು.

ಸುಮ್ಮನೆ ಕೂರು ಎಂದರೆ ಬಸವಣಪ್ಪನ ಬಾಯಿ ಸುಮ್ಮನಿದ್ದೀತು, ಕೈ ಸುಮ್ಮನಿರುವುದಿಲ್ಲ. ಹೆಂಡತಿಯಿದ್ದ ಅಡುಗೆಮನೆಯ ಕಡೆ ಬೆನ್ನು ಮಾಡಿ, ಒಳಗಿಸೆಯಿಂದ ಡಬ್ಬಿ ತೆಗೆದು, ತಂಬಾಕಿಗೆ ಸುಣ್ಣ ಹಚ್ಚಿ ಅಂಗೈಯಲ್ಲಿ ತಿಕ್ಕಿ ಮೂರು ಸಲ ಬಡಿದ. ಟಪ್, ಟಪ್, ಟಪ್. ತುಟಿಯ ಹಿಂದೆ ಇಟ್ಟುಕೊಂಡು ಕಿಟಕಿಯಾಚೆ ಥೂ ಎಂದ. ಮನೀಷಾ ಕಣ್ಣು ತೆರೆದು ನಕ್ಕಾಗಲೇ ಅವನಿಗೆ ಹೊಳೆದದ್ದು, ಮೈಕಿಗೆ ಕಣ್ಣಿಲ್ಲದಿದ್ದರೂ ಕಿವಿಯಿದೆ ಎಂದು.

ಬಸವಣಪ್ಪ ತಂಬಾಕು ಬಿಟ್ಟು ಎಂಟು ತಿಂಗಳಾಗಿತ್ತು. ಅಂದರೆ, ಹೆಂಡತಿ ಪಾರ್ವತಿಬಾಯಿಯ ಪ್ರಕಾರ. ಅವನ ಬಾಯೊಳಗೆ ಬಿಳಿ ಮಚ್ಚೆ ಕಂಡು ಡಾಕ್ಟರು ಬೈದ ದಿನ ಅವಳು ಅತ್ತುಬಿಟ್ಟಿದ್ದಳು. "ನೀವು ತಂಬಾಕು ಬಿಡ್ರಿ, ನಾ ಚಹಾ ಬಿಡ್ತೀನಿ" ಎಂದು ಇಬ್ಬರೂ ಲಿಂಗ ಮುಟ್ಟಿ ಆಣೆ ಮಾಡುವಂತೆ ಮಾಡಿದ್ದಳು. ಸಕ್ಕರೆ ಕಾಯಿಲೆಯ ಅವಳಿಗೂ ಅದೇ ಡಾಕ್ಟರು ಚಹಾ ಬೇಡವೆಂದಿದ್ದರು. ದಿನಕ್ಕೆ ಆರು ಸಲ ಬಸಿಯಲ್ಲಿ ಸುರಿದುಕೊಂಡು ಕುಡಿಯುತ್ತಿದ್ದ ಹೆಂಗಸು ಬಸಿಗಳನ್ನೆಲ್ಲ ತೊಳೆದು ಅಟ್ಟಕ್ಕೇರಿಸಿದಳು. ಆಮೇಲೆ ಊರು ತುಂಬ, "ನಮ್ಮವರು ಮಾತು ಅಂದ್ರ ಮಾತು" ಎಂದು ಹೇಳಿಕೊಂಡು ಬಂದಳು. ಮದುವೆಯಾದ ಮೂವತ್ತಾರು ವರ್ಷಗಳಲ್ಲಿ ಅವಳು ಅವನನ್ನು ಹೊಗಳಿದ್ದು ಅದೇ ಮೊದಲು. ಎರಡು ತಿಂಗಳು ಅವನು ಖರೇನೇ ಬಿಟ್ಟಿದ್ದ, ಪಾಪ. ಆಮೇಲೆ ಕೈ ತಡೆಯಲಿಲ್ಲ, ಹೇಳಲು ಬಾಯಿ ಬರಲಿಲ್ಲ. ಈಗ ಆ ಹೊಗಳಿಕೆ ಹೋಗಿಬಿಟ್ಟರೆ ಮುಖ ಎತ್ತಿಕೊಂಡು ತಿರುಗುವುದು ಹೇಗೆ?

ಹಿತ್ತಲಿಗೆ ಹೋಗಿ ಮನೀಷಾಳಿಗೆ ಫೋನು ಮಾಡಿದ. ಆ ಒಂದು ನಿಮಿಷ ಕಿತ್ತು ಹಾಕವ್ವಾ ಎಂದು ಬೇಡಿಕೊಂಡ.

"ಅದನ್ನ ಹ್ಯಾಂಗ ತೆಗೀಲಿ ಕಾಕಾ? ನಮ್ಮ ಸಾಹೇಬ್ರಿಗೆ ಅದೇ ಭಾಳ ಸೇರ್ಯಾದ. ಮನಿ ಕಣ್ಣಿಗೆ ಕಟ್ಟಿದಂಗ ಆಗ್ತದಂತ. ಮನ್ಯಾಗ ಕಾಕುಗೂ ಮೊನ್ನೇನೇ ಹೇಳೀನಿ, ಆದಿತ್ಯವಾರ ಮುಂಜಾನೆ ಹತ್ತಕ್ಕ ಕೇಳ್ರಿ. ದೊಡ್ಡ ಸ್ಟೇಷನ್ನಿನ ಎಎಂನಾಗೂ ಬರ್ತದ, ಹುಮನಾಬಾದಿನ ಹೊಸ ಎಫ್‌ಎಂನಾಗೂ ಬರ್ತದ."

ಮರುದಿನವೇ ಬಸವಣಪ್ಪ ಬಸ್ಸು ಹತ್ತಿ ಹುಮನಾಬಾದಿಗೆ ಹೋಗಿ ರೇಡಿಯೊ ರಿಪೇರಿಯ ಜಹೀರುದ್ದೀನನ ಅಂಗಡಿಯಲ್ಲಿ ಕುಳಿತ. "ಜಹೀರ್‌ಭಾಯ್, ಎಎಂ, ಎಫ್‌ಎಂ ಎರಡರಾಗ ಯಾವುದು ಖರಾಬ್ ಕೇಳಸ್ತದ?"

ಜಹೀರುದ್ದೀನ್ ತಂತಿಗೆ ಬೆಸುಗೆ ಹಾಕುತ್ತಿದ್ದ ಕಾದ ಕಬ್ಬಿಣ ಕೆಳಗಿಟ್ಟ. "ಏನ್ ಜಮಾನಾ ಬಂತ್ರಿ! ಛಲೋ ಯಾವುದು ಅಂತ ಕೇಳೋರು ಹೋದ್ರು. ನಿನ್ನೆನೂ ಒಬ್ರು ಬಂದು ಇದೇ ಸವಾಲ್ ಕೇಳಿದ್ರು."

ಅದು ಯಾರೆಂದು ಕೇಳುವ ವ್ಯವಧಾನ ಬಸವಣಪ್ಪನಿಗೆ ಇರಲಿಲ್ಲ.

"ಎಎಂ ಅಂದ್ರ ನಮ್ಮ ಕೆಂಪು ಬಸ್ ಇದ್ದಂಗ" ಎಂದ ಜಹೀರುದ್ದೀನ್. "ಗುಡ್ಡ ಇರ್ಲಿ, ಗಿಡ ಇರ್ಲಿ, ದೂರ ದೂರ ಹೋಗ್ತದ. ಆದ್ರ ದಾರ್ಯಾಗ ಸಿಕ್ಕೋರನ್ನೆಲ್ಲ ಹತ್ತಿಸ್ಕೋತದ. ಸಿಡ್ಲು, ಪಂಪಿನ ಮೋಟರು, ಟ್ಯೂಬ್‌ಲೈಟು, ಎಲ್ಲಾದ್ರದೂ ಕರಕರ. ಆ ಗದ್ದಲದಾಗ ಸಣ್ಣ ಸಪ್ಪಳ ಸತ್ತೇ ಹೋಗ್ತದ."

"ಮತ್ತ ಎಫ್‌ಎಂ?"

"ಅದು ಏಕದಂ ಸಾಫ್. ಮಾತಾಡವ ಉಗುಳು ನುಂಗಿದ್ರೂ ಕೇಳಸ್ತದ. ಆದ್ರ ಅದರ ಓಟ ಕಮ್ಮಿ. ಟವರಿನ ಮ್ಯಾಲೆ ನಿಂತ್ರ ಕಣ್ಣಿಗೆ ಎಲ್ಲಿತನ ಕಾಣಸ್ತದೋ ಅಲ್ಲಿತನ ಅಷ್ಟೇ. ಈ ಸಣ್ಣ ಟವರಂದು ಹದಿನೈದು ಕಿಲೋಮೀಟರ್ ಆದ್ರ ಭಾಳ ಆತು. ನಿಮ್ಮ ದುಬಲಗುಂಡಿಗಿ ಬರ್ತದ, ಕಲ್ಯಾಣಕ್ಕ ಮುಟ್ಟಂಗಿಲ್ಲ."

ಬಸವಣಪ್ಪನಿಗೆ ಅವನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಬಸವಕಲ್ಯಾಣದಲ್ಲಿ ಪಾರ್ವತಿಬಾಯಿಯ ಅಕ್ಕ ಕಸ್ತೂರಿಬಾಯಿಯ ಮನೆಯಿತ್ತು. ಆ ಮನೆಯಲ್ಲೊಂದು ಹಳೇ ಎಎಂ ರೇಡಿಯೊ ಇತ್ತು. ಹೆಂಡತಿಯನ್ನು ಒಪ್ಪಿಸಲು ಬಸ್ಸಿನಲ್ಲಿ ಹತ್ತು ನೆಪ ಜೋಡಿಸಿಕೊಂಡೇ ಬಂದ.

"ಆದಿತ್ಯವಾರ ನಿಮ್ಮಕ್ಕನ ಮನಿಗಿ ಹೋಗಿ ಕೇಳೋಣೇನು?"

"ನಾನೂ ಅದೇ ಅನ್ನೋಳಿದ್ದೆರಿ" ಎಂದಳು ಪಾರ್ವತಿಬಾಯಿ. ಒಂದು ನೆಪವೂ ಖರ್ಚಾಗಲಿಲ್ಲ. "ಅಲ್ಲಿ ಎಫ್‌ಎಂ ಬರಂಗಿಲ್ಲ, ಹೌದಿಲ್ರಿ?"

"ಬರಂಗಿಲ್ಲ."

"ಹೋಗ್ಲಿ ಬಿಡ್ರಿ, ಕರಕರ ಅಂದ್ರ ಏನಾತು?"

ಎಷ್ಟು ಸಾದಾ ಹೆಂಗಸು, ಇಂಥವಳಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು ಬಸವಣಪ್ಪ ಸಂಕಟಪಟ್ಟ. ಸಂಕಟ ತಡೆಯಲಾಗದೆ ಹಿತ್ತಲಿಗೆ ಹೋಗಿ ಮತ್ತೆ ಚೂರು ತಂಬಾಕು ತಿಕ್ಕಿದ.

ಆದಿತ್ಯವಾರ ಕಲ್ಯಾಣದ ಮನೆಗೆ ಹೋಗಿ ನೋಡಿದರೆ ಕಸ್ತೂರಿಬಾಯಿಯ ಗಂಡ ಗುರುಶಾಂತ ಮಾಳಿಗೆಯ ಮೇಲಿದ್ದ. ಗುರುಶಾಂತನದು ಬಟ್ಟೆ ಅಂಗಡಿ, ಬಾಯಲ್ಲಿ ಸದಾ ತಂಬಾಕು. ಬಸವಣಪ್ಪನ ಹೆಸರು ಹೇಳಿ ಹೆಂಡತಿ ದಿನಾ ಚುಚ್ಚುತ್ತಿದ್ದರೂ ಪಾಪದ ಮನುಷ್ಯ ಷಡ್ಡಕನ ಮೇಲೆ ಸಿಟ್ಟು ಇಟ್ಟುಕೊಂಡಿರಲಿಲ್ಲ. ಈಗಂತೂ ಉದ್ದ ಬಿದಿರಿನ ತುದಿಗೆ ಸೈಕಲ್ ರಿಮ್ಮು ಕಟ್ಟಿ, ಅದರಿಂದ ತಂತಿ ಎಳೆದು ಹೊಸ ರೇಡಿಯೊಕ್ಕೆ ಸಿಕ್ಕಿಸುತ್ತಿದ್ದ.

"ಬರ್ರಿ ಬರ್ರಿ! ಎಫ್‌ಎಂ ಬರಂಗಿಲ್ಲ ಅಂದಾವ ಯಾರು? ಎತ್ತರಕ್ಕ ಕಟ್ಟಿದ್ರ ಯಾಕ ಬರಂಗಿಲ್ಲ? ನಮ್ಮ ಷಡ್ಡಕನ ದನಿ ಕರಕರ ಅಂತ ಕೇಳಬೇಕೇನು?"

ಬಸವಣಪ್ಪ ತಂತಿಯ ಗಂಟು ಎಲ್ಲಿ ಸಡಿಲಿದೆ ಎಂದು ನೋಡತೊಡಗಿದ. ಹತ್ತು ಹೊಡೆಯಿತು. ಮಾಳಿಗೆಗೇ ತಂದಿಟ್ಟಿದ್ದ ಹಳೇ ರೇಡಿಯೊದಲ್ಲಿ ಅವನ ದನಿ ಕರಕರದ ನಡುವೆ ತೊಗರಿಯ ಮಾತು ಆಡತೊಡಗಿತು. ಹೊಸದರಲ್ಲಿ ಬರೀ ಬುಸುಬುಸು. ಗುರುಶಾಂತ ರಿಮ್ಮನ್ನು ಆ ಕಡೆ ಈ ಕಡೆ ತಿರುಗಿಸಿದಾಗ ಒಂದೆರಡು ಮಾತು ಸಾಫಾಗಿ ಬಂದು ಹೋದವು.

"ತಡೀರಿ ಅಣ್ಣಾರ, ತಂತಿ ನಾ ನೆಟ್ಟಗ ಮಾಡ್ತೀನಿ" ಎಂದು ಬಸವಣಪ್ಪ ಓಡಿದ. ಕಿತ್ತೇ ಬಿಡುವುದೆಂದು ನಿಶ್ಚಯ ಮಾಡಿದ್ದ. ನೋಡಿದರೆ ಬಿದಿರಿನ ಆಚೆ ಬದಿಯಲ್ಲಿ ಪಾರ್ವತಿಬಾಯಿ ಆಗಲೇ ಗಂಟಿಗೆ ಕೈ ಹಾಕಿದ್ದಳು. ನನ್ನ ದನಿ ಕೇಳಲು ಎಷ್ಟು ಒದ್ದಾಡುತ್ತಿದ್ದಾಳೆ ಎಂದುಕೊಂಡು ಅವನು ಕೀಳಲೆಂದು ತಂತಿಯನ್ನು ಗಟ್ಟಿಯಾಗಿ ಹಿಡಿದ.

ಬುಸುಬುಸು ನಿಂತೇ ಹೋಯಿತು. ಬಸವಣಪ್ಪನ ದನಿ ಪಕ್ಕದಲ್ಲೇ ಕುಳಿತವನ ಹಾಗೆ ಕೇಳಿಸಿತು.

"ಹಾಂ, ಬಂತು! ಬಿಡಬ್ಯಾಡ್ರಿ!" ಎಂದು ಗುರುಶಾಂತ ಕುಣಿದ. "ಮನುಷ್ಯಾರ ಮೈನೂ ಒಂದು ಆಂಟೆನಾನೇ!"

ಬಸವಣಪ್ಪ ಬಿಟ್ಟ. ಬುಸುಬುಸು. ಪಾರ್ವತಿಬಾಯಿಯೂ ಬಿಟ್ಟಳು. "ಏ, ಹಿಡೀರಿ ಅಂದ್ರ!" ಎಂದು ಕಸ್ತೂರಿಬಾಯಿ ಬಂದು ಇಬ್ಬರ ಕೈಗಳನ್ನೂ ತಂತಿಯ ಮೇಲೆ ಒತ್ತಿ ಹಿಡಿದಳು. ಸರಿಯಾಗಿ ಆ ಹೊತ್ತಿಗೆ ರೇಡಿಯೊದಲ್ಲಿ ಮಾತು ಮುಗಿದು ಮನೆಯ ಸಪ್ಪಳ ಸುರುವಾಯಿತು. ಕೋಳಿ ಕೂಗಿತು. ಗುಬ್ಬಿ ಚಿಂವ್ ಎಂದಿತು.

ಟಪ್, ಟಪ್, ಟಪ್. ಥೂ.

ಹಳೇ ರೇಡಿಯೊ ಆಗಲೂ ಕರಕರ ಎನ್ನುತ್ತಿತ್ತು, ಪುಣ್ಯಾತ್ಮ. ಯಾರು ಕೇಳಬೇಕು ಅದನ್ನು? ಬಸವಣಪ್ಪ ಕಣ್ಣು ಮುಚ್ಚಿಕೊಂಡ. ಬೈಗುಳ ಬೀಳಲೆಂದು ಕಾದ. ಬೈಗುಳ ಬೀಳಲಿಲ್ಲ. ರೇಡಿಯೊದ ಅಡುಗೆಮನೆಯೊಳಗಿಂದ ಇನ್ನೊಂದು ಸಪ್ಪಳ ಬಂತು.

ಸುರ್ರ್ರ್.

ಅದರ ಹಿಂದೆಯೇ ತೃಪ್ತಿಯ ಒಂದು ಉದ್ದನೆಯ "ಹಾ..."

ಬಸಿಯಿಂದ ಹಾಗೆ ಚಹಾ ಹೀರುವವರು ಇಡೀ ತಾಲೂಕಿನಲ್ಲಿ ಒಬ್ಬರೇ. ಬಸವಣಪ್ಪ ಕಣ್ಣು ತೆರೆದ. ಪಾರ್ವತಿಬಾಯಿ ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡಿದ್ದಳು. ಇನ್ನೊಂದು ಕೈ ಇನ್ನೂ ತಂತಿಯ ಮೇಲಿತ್ತು.

"ಎಷ್ಟ ದಿನ ಆತ್ರಿ?" ಎಂದಳು ಮೆಲ್ಲಗೆ.

"ಆರ್ ತಿಂಗಳು. ಮೊದಲ ಎರಡು ತಿಂಗಳು ಖರೇನೇ ಬಿಟ್ಟಿದ್ದೆ. ನೀ?"

"ನಾ ಬಿಟ್ಟೇ ಇಲ್ರಿ."

ಮೊದಲು ನಕ್ಕವನು ಗುರುಶಾಂತ. ಮದುವೆಯಾದಾಗಿನಿಂದ ಮೊದಲ ಸಲ ಹೆಂಡತಿಯ ಕಣ್ಣಲ್ಲಿ ಕಣ್ಣಿಟ್ಟು ತನ್ನ ಡಬ್ಬಿ ತೆಗೆದು ಟಪ್ ಎನ್ನಿಸಿದ. ಹೇಳಿ ಚುಚ್ಚಲು ಒಂದು ಹೆಸರೂ ಉಳಿಯದ ಸಿಟ್ಟಿಗೆ ಕಸ್ತೂರಿಬಾಯಿ ಅವನ ಡಬ್ಬಿಯನ್ನೂ ಬಸವಣಪ್ಪನ ಡಬ್ಬಿಯನ್ನೂ ಕಸಿದು ಮಾಳಿಗೆಯಿಂದ ಗಟಾರಕ್ಕೆ ಎಸೆದಳು. ಬಸವಣಪ್ಪನಿಗೆ ಮಾತ್ರ ಹಗುರೆನಿಸಿತು. ಆರು ತಿಂಗಳಿಂದ ಒಬ್ಬನೇ ಕಳ್ಳ ಎಂದುಕೊಂಡು ಕೊರಗುತ್ತಿದ್ದವನಿಗೆ ಜೊತೆ ಸಿಕ್ಕಿತ್ತು.

ಊರಿಗೆ ಹೋಗಲು ಹುಮನಾಬಾದಿನಲ್ಲಿ ಬಸ್ಸು ಬದಲಿಸಬೇಕಿತ್ತು. ಅಂಗಡಿಯ ಮುಂದೆ ನಿಂತಿದ್ದ ಜಹೀರುದ್ದೀನ್ ಇಬ್ಬರನ್ನೂ ಒಟ್ಟಿಗೆ ಕಂಡು ಹುಬ್ಬೇರಿಸಿದ. "ಅರೇ, ಇಬ್ರೂ ಒಂದೇ ಮನ್ಯೋರೇನು? ನಿಮಗಿಂತ ಒಂದಿನ ಮೊದ್ಲು ಇವರೇ ಅಲ್ರಿ ಬಂದು ಕೇಳಿದ್ದು! ಮತ್ತ, ಎಷ್ಟು ಖರಾಬ್ ಬಂತು?"

"ಭಾಳ ಸಾಫ್ ಬಂತ್ರಿ" ಎಂದರು ಇಬ್ಬರೂ.

ಅವನು ಮೂರು ಚಹಾ ಹೇಳಲು ಹೊರಟ. ಪಾರ್ವತಿಬಾಯಿ ಎದುರಿನ ಹೋಟೆಲಿನ ಕೆಟಲನ್ನೇ ನೋಡುತ್ತ ಒಮ್ಮೆ ಉಗುಳು ನುಂಗಿದಳು. "ನನಗ ಬ್ಯಾಡ್ರಿ. ಬಿಟ್ಟೀನಿ." ಬಸವಣಪ್ಪನ ಕೈ ತಾನಾಗಿಯೇ ಒಳಗಿಸೆಗೆ ಹೋಗಿ ಖಾಲಿ ಹೊರಬಂತು. ಕೈಗೆ ಏನಾದರೂ ಕೆಲಸ ಬೇಕಲ್ಲ ಎಂದು ಅವನು ಹೆಂಡತಿಯ ಚೀಲ ಇಸಿದುಕೊಂಡು ಹಿಡಿದ.